ಐಬು

ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ. ಇಷ್ಟೆಲ್ಲ ನೋಡಿದ ಮೇಲೂ ಮಾರುವವನ ಮುಖ ನೋಡಿ, “ಏನರ ಐಬು ಐತೇನಪಾ?” ಎಂದು ಕೇಳುತ್ತಾರೆ. ಐಬು ಅರಬಿಯ ಮೂಲದ ಮಾತು. ಉರ್ದು ಶಾಲೆಯಲ್ಲಿ ಕಲಿಯುವಾಗ ಅದು ನಮ್ಮದೇ ಎಂದುಕೊಂಡಿದ್ದೆವು. ಕನ್ನಡ ಶಾಲೆಗೆ ಬಂದಾಗ ಅದು ಅಲ್ಲಿಯೂ ಇತ್ತು. ಸಂತೆಯಲ್ಲಂತೂ ಎಲ್ಲರ ಬಾಯಲ್ಲೂ ಇತ್ತು. ಆದರೆ ಆ ಶಬ್ದದ ಭಾರ ನಮಗೆ ತಿಳಿದದ್ದು 2025ರಲ್ಲಿ, ಹಳೆಯ ಜೀಪೊಂದನ್ನು ಹುಡುಕಿಕೊಂಡು ನಾವು ಅಣ್ಣ ತಮ್ಮ ಇಬ್ಬರೂ ಹುಬ್ಬಳ್ಳಿ-ಧಾರವಾಡದ ಸುತ್ತ ಎರಡು ತಿಂಗಳು ತಿರುಗಿದಾಗ.

ಜೀಪು ಬೇಕಾದದ್ದು ಷೋಕಿಗಲ್ಲ. ಕಲಘಟಗಿ ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಹಳಿಯಾಳದ ಕಾಡು ಶುರುವಾಗುವ ಕಡೆ, ಅಬ್ಬಾ ಬಿಟ್ಟುಹೋದ ಮೂರೆಕರೆ ಭತ್ತದ ಗದ್ದೆ, ಒಂದು ಹೆಂಚಿನ ಮನೆ ಇವೆ. ಅಮ್ಮಾ ಅಲ್ಲಿಯೇ ಇದ್ದಾರೆ. ಹುಬ್ಬಳ್ಳಿಗೆ ಬನ್ನಿ ಎಂದರೆ, “ನಿಮ್ಮಬ್ಬಾನ ಕಬರ್ ಇಲ್ಲಿದೆ, ಎಮ್ಮೆ ಇಲ್ಲಿದೆ, ನಾನು ಅಲ್ಲಿ ಬಂದು ಏನು ಮಾಡಲಿ?” ಎನ್ನುತ್ತಾರೆ. ಡಾಂಬರು ಮುಗಿದಲ್ಲಿಂದ ಮನೆಗೆ ಎರಡೂವರೆ ಕಿಲೋಮೀಟರು. ಬೇಸಿಗೆಯಲ್ಲಿ ಅದು ರಸ್ತೆ, ಮಳೆಗಾಲದಲ್ಲಿ ಗದ್ದೆ. ಹಿಂದಿನ ವರ್ಷದ ಆಗಸ್ಟಿನಲ್ಲಿ ಅಮ್ಮಾ ಕೊಟ್ಟಿಗೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ಆಂಬುಲೆನ್ಸ್ ಡಾಂಬರಿನ ತುದಿಯಲ್ಲಿ ನಿಂತಿತು. ಊರಿನ ನಾಲ್ಕು ಮಂದಿ ಅವರನ್ನು ಹೊರಸಿನ ಮೇಲೆ ಮಲಗಿಸಿ, ಮೇಲೆ ಗೊಬ್ಬರದ ಚೀಲ ಹೊದಿಸಿ, ಮಳೆಯಲ್ಲಿ ಹೊತ್ತು ತಂದರು. ಹೊತ್ತವರಲ್ಲಿ ಒಬ್ಬನೂ ನಮ್ಮ ನೆಂಟನಲ್ಲ. ನಮ್ಮ ಹಳೆಯ ಓಮ್ನಿ ವ್ಯಾನು ಆ ಹೊತ್ತಿಗೆ ಡಾಂಬರಿನ ತುದಿಗೆ ಬಂದು, ಆಂಬುಲೆನ್ಸಿನ ಹಿಂದೆ ನಿಂತಿತ್ತು. ಆಕಾರದಲ್ಲಿ ಹೊರಸು ಜನಾಜಾವನ್ನೇ ಹೋಲುತ್ತದೆ. ನಾವಿಬ್ಬರೂ ಅದನ್ನು ನೋಡಿದೆವು. ಆ ಬಗ್ಗೆ ಪರಸ್ಪರ ಒಂದು ಮಾತನ್ನೂ ಆಡಲಿಲ್ಲ.

ಅಮ್ಮಾ ಕೋಲು ಹಿಡಿದು ನಡೆಯುವಂತಾದ ಮೇಲೆ ಮತ್ತೆ ಹಳ್ಳಿಗೇ ಹೋದರು. ನಾವು ಕೈಯಲ್ಲಿದ್ದ ಹಣ ಎಣಿಸಿದೆವು. ಉಳಿತಾಯ 1,60,000 ರೂಪಾಯಿ. ಓಮ್ನಿ ಮಾರಿದರೆ 80-85 ಸಾವಿರ. ಬಡ್ಡಿಯ ಸಾಲ ಬೇಡ ಎಂಬುದು ಅಬ್ಬಾನ ಕಾಲದಿಂದ ಮನೆಯಲ್ಲಿ ನಡೆದುಬಂದ ರೀತಿ. ಅಂದರೆ ಎರಡೂವರೆ ಲಕ್ಷದ ಒಳಗೆ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಗಾಡಿ ಬೇಕು. ನಮ್ಮಲ್ಲಿ ಒಬ್ಬನು ಕತೆ ಬರೆಯುವವನು, ಇನ್ನೊಬ್ಬನು ಸ್ಟೇಷನರಿ ಅಂಗಡಿ ಇಟ್ಟವನು. ಬಾನೆಟ್ ಎತ್ತಿದರೆ ಇಬ್ಬರಿಗೂ ಕಾಣುವುದು ಕಬ್ಬಿಣ ಮಾತ್ರ. ಹೀಗಾಗಿ ಹಳೇ ಹುಬ್ಬಳ್ಳಿಯ ನಮ್ಮ ಮಿಸ್ತ್ರಿ ಚಾಚಾನ ಮೊರೆಹೋದೆವು. ಹತ್ತನೇ ವಯಸ್ಸಿಗೆ ಗ್ಯಾರೇಜು ಸೇರಿ, ಸ್ಪ್ಯಾನರಿನ ನಂಬರುಗಳಲ್ಲೇ ಲೆಕ್ಕ ಕಲಿತವರು ಅವರು.

ಚಾಚಾ ಮೊದಲು ಗಾಡಿ ತೋರಿಸಲಿಲ್ಲ, ಪಾಠ ಹೇಳಿದರು. ಸಾಮಾನ್ಯ ಗಾಡಿಯಲ್ಲಿ ಎಂಜಿನ್ನಿನ ಬಲ ಎರಡೇ ಗಾಲಿಗೆ ಹೋಗುತ್ತದೆ. ಕೆಸರಿನಲ್ಲಿ ಅವೆರಡು ಜಾರಿದರೆ ಗಾಡಿ ಮುಗಿಯಿತು. ಜೀಪಿನಲ್ಲಿ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರ ಲಿವರ್ ಹಾಕಿದರೆ ಮುಂದಿನ ಗಾಲಿಗಳಿಗೂ ಬಲ ಸಿಗುತ್ತದೆ. ಇನ್ನೂ ಕೆಳಗಿನ ಗೇರಿಗೆ ಹಾಕಿದರೆ ವೇಗ ಇಳಿದು ಎಳೆಯುವ ಶಕ್ತಿ ಏರುತ್ತದೆ. ಒಣಗಿದ ಡಾಂಬರಿನ ಮೇಲೆ ಮಾತ್ರ ಅದನ್ನು ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು. ಡಾಂಬರಿನ ಮೇಲೆ ಜಾರಲು ಜಾಗವಿಲ್ಲದೆ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. “ಅವನ್ನ ಜಗ್ಗಾಡಿದ್ರ ಮನಿಯಾಗ ಅಣ್ಣತಮ್ಮರ ಜಗಳ ಆದಂಗ, ನಡುವ ಇದ್ದವ್ರು ಮುರೀತಾರ,” ಎಂದರು ಚಾಚಾ, ನಮ್ಮಿಬ್ಬರನ್ನೂ ನೋಡಿ.

ನಮ್ಮ ಹಣಕ್ಕೆ ಯಾವ ಗಾಡಿ ಎಂಬ ಪ್ರಶ್ನೆಯನ್ನೂ ಅವರೇ ಬಿಡಿಸಿದರು. 2010ರಲ್ಲಿ ಬಂದ ಥಾರ್ ನಮ್ಮ ಕೈಗೆ ಸಿಗದು, 2020ರ ಹೊಸ ಥಾರಂತೂ ದೂರದ ಮಾತು. ಬೊಲೆರೊ, ಸುಮೋ ಊರತುಂಬ ಇವೆ, ಆದರೆ ಹೆಚ್ಚಿನವು ಹಿಂದಿನ ಎರಡೇ ಗಾಲಿಯವು. ಉಳಿದದ್ದು ಎರಡು. ಒಂದು ಮಾರುತಿ ಜಿಪ್ಸಿ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದು, 1996ರಲ್ಲಿ 1300 ಸಿಸಿಗೆ ಏರಿದ ಗಾಡಿ. ಹಗುರ, ಆದ್ದರಿಂದ ಕೆಸರಿನಲ್ಲಿ ಹೂಳುವುದು ಕಡಿಮೆ. ಆದರೆ ಪೆಟ್ರೋಲು ಕುಡಿಯುತ್ತದೆ. ಇನ್ನೊಂದು ಮಹೀಂದ್ರದ ಹಳೆಯ ಡೀಸೆಲ್ ಜೀಪು, ಎಂಎಂ 540. ಸದ್ದು ಹೆಚ್ಚು, ಸುಖ ಕಡಿಮೆ, ಆದರೆ ಯಾವ ಹಳ್ಳಿಯ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತದೆ.

ಈ ಕಂಪನಿಯ ಹುಟ್ಟಿನ ಕತೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1945ರಲ್ಲಿ ಅದು ಶುರುವಾದಾಗ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಮಹೀಂದ್ರ ಸಹೋದರರ ಜೊತೆಗಾರ ಮಲಿಕ್ ಗುಲಾಮ್ ಮುಹಮ್ಮದ್. ದೇಶ ಒಡೆಯಿತು, ಅವರು ಆಚೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಇಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಷ್ಟರಲ್ಲಿ, 1947ರಲ್ಲೇ, ಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸುವ ಕೆಲಸ ಆರಂಭವಾಗಿತ್ತು. ಮನುಷ್ಯ ಹೋದರೂ ‘ಎಂ’ ಎಂಬ ಅಕ್ಷರ ಉಳಿಯಿತು. ಹೋಗದೆ ಇಲ್ಲಿಯೇ ಉಳಿದ ಲಕ್ಷಾಂತರ ಮುಹಮ್ಮದರಲ್ಲಿ ಎಷ್ಟೋ ಮಂದಿ ಊರೂರಿನ ಗ್ಯಾರೇಜುಗಳಲ್ಲಿ ಆ ಜೀಪುಗಳ ಅಡಿಯಲ್ಲಿ ಮಲಗಿ ಬದುಕು ಕಳೆದರು. ನಮ್ಮ ಚಾಚಾ ಅವರಲ್ಲಿ ಒಬ್ಬರು.

ಮೊದಲು ನೋಡಿದ್ದು ಗೋಕುಲ ರಸ್ತೆಯ ಆಚೆ ಹಳೆಯ ಗಾಡಿಗಳ ವ್ಯಾಪಾರಿಯೊಬ್ಬನ ಹತ್ತಿರ ಇದ್ದ ಜಿಪ್ಸಿ. ಹಸಿರು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಸೈನ್ಯದ ಹರಾಜಿನಲ್ಲಿ ತಂದದ್ದು ಎಂದರು. ವ್ಯಾಪಾರಿ ನಮ್ಮವನೇ. ಸಲಾಮ್ ಹೇಳಿ ಚಹಾ ತರಿಸಿ, “ಅಲ್ಲಾಹನ ಕಸಮ್, ಮಾಸ್ತರ, ಒಂದು ಬೋಲ್ಟ್ ಸುದ್ದಾ ಬಿಚ್ಚಿಲ್ಲ,” ಎಂದ. ನಾವು ಅರ್ಧ ಅಲ್ಲಿಯೇ ಒಪ್ಪಿಬಿಟ್ಟಿದ್ದೆವು. ಚಾಚಾ ಮಾತಾಡದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು. ನಾವು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಇಟ್ಟಿದ್ದರು. ತಣ್ಣಗಿನ ಎಂಜಿನ್ ಬೆಳಿಗ್ಗೆ ಒಂದೇ ಸಲಕ್ಕೆ ಏಳುತ್ತದೆಯೇ ಎಂಬುದು ಮೊದಲ ಪರೀಕ್ಷೆ, ಅದನ್ನೇ ತಪ್ಪಿಸಿದ್ದರು. ಆಮೇಲೆ ಚಾಚಾ ಕಾಲ ಕೆಳಗಿನ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರು. ಗಟ್ಟಿ ತಗಡು ಟಣ್ ಎನ್ನುತ್ತದೆ. ಇದು ಡಬ್ ಎಂದಿತು. ಮೇಲೆ ಪುಟ್ಟಿ, ಅದರ ಕೆಳಗೆ ತುಕ್ಕು. ಚಾಸಿಯ ಮೇಲೆ ಕೊರೆದ ನಂಬರಿನ ಸುತ್ತ ಹೊಸ ಬಣ್ಣ ದಪ್ಪಗೆ ಕೂತಿತ್ತು. ಬಣ್ಣ ಕೆರೆದು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಯ ನಂಬರಿನೊಂದಿಗೆ ತಾಳೆ ನೋಡೋಣ ಎಂದಾಗ ವ್ಯಾಪಾರಿಗೆ ಅರ್ಜೆಂಟು ಫೋನ್ ಬಂತು. ಗಾಡಿಯನ್ನು ಎತ್ತರಿಸಿ ಅಗಲದ ಟೈರು ಹಾಕಿದ್ದು ಬೇರೆ. ಕಂಪನಿ ಕೊಟ್ಟ ರಚನೆಯನ್ನು ಬದಲಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಗಾಡಿ ಮರು ನೋಂದಣಿಗೆ ಹೋದಾಗ ತೊಂದರೆ ಕೊಂಡವನಿಗೇ.

ಹಿಂದಿರುಗುವಾಗ ಚಾಚಾ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಐಬು ಇರೂದು ತಪ್ಪಲ್ಲ. ಕಬ್ಬಿಣ ಅಂದಮ್ಯಾಲ ತುಕ್ಕು ಹಿಡೀತೈತಿ. ಅದರ ಮ್ಯಾಲ ಕಸಮ್ ಹಚ್ಚಿದನಲ್ಲ...” ಎಂದು ಮಾತು ನಿಲ್ಲಿಸಿದರು. ಮದ್ರಸಾದಲ್ಲಿ ಕೇಳಿದ ಪ್ರಸಂಗವೊಂದು ನಮಗೆ ನೆನಪಾಯಿತು. ಪ್ರವಾದಿಯವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಪ್ರವಾದಿಯವರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲ ಎಂದೂ ಹೇಳಿದರು. ಮುಚ್ಚಿಟ್ಟ ಐಬು ಆಮೇಲೆ ಕಂಡರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಇದೆ ಎನ್ನುತ್ತದೆ ನಮ್ಮ ಫಿಕ್ಹ್. ಅದಕ್ಕೆ ಹೆಸರೇ ಖಿಯಾರೆ ಐಬ್. ‘ನಮ್ಮವನೇ’ ಎಂದು ಆ ವ್ಯಾಪಾರಿಯ ಬಗ್ಗೆ ನಾವು ಅಂದುಕೊಂಡಿದ್ದೆವಲ್ಲ, ಆ ಮಾತಿನ ಮೇಲೆ ನಮಗೇ ನಾಚಿಕೆಯಾಯಿತು.

ಎರಡನೆಯದು ಧಾರವಾಡದ ಹೊರಗೆ ಕಂಡ ಕಮಾಂಡರ್ ಜೀಪು. ಮೈಕಟ್ಟು ನೋಡಿದರೆ ಬೆಟ್ಟ ಹತ್ತುವಂತಿತ್ತು. ಲಿವರ್ ಕೂಡ ಇತ್ತು. ಚಾಚಾ ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿ ನಕ್ಕರು. ನಾಲ್ಕು ಗಾಲಿಯ ಗಾಡಿಯಾದರೆ ಮುಂದಿನ ಅಚ್ಚಿನ ಮೇಲೂ ಕುಂಬಳಕಾಯಿಯಂಥ ಗುಂಡು ಇರಬೇಕು, ಅದರಿಂದ ನಡುವಿನ ಪೆಟ್ಟಿಗೆಗೆ ಒಂದು ಶಾಫ್ಟ್ ಹೋಗಬೇಕು. ಇಲ್ಲಿ ಗುಂಡು ಇತ್ತು, ಶಾಫ್ಟ್ ಇರಲಿಲ್ಲ. ಕೆಟ್ಟಾಗ ಬಿಚ್ಚಿ ಮಾರಿಬಿಟ್ಟಿದ್ದರು. ಮಾರುವ ಹುಡುಗನಿಗೆ ನಿಜಕ್ಕೂ ಅದು ಗೊತ್ತಿರಲಿಲ್ಲ.

ಮೂರನೆಯದು ಕರಾವಳಿಯಿಂದ ಬಂದ ಜೀಪು. ಓಟ ಚೆನ್ನಾಗಿತ್ತು. ಆದರೆ ಉಪ್ಪುಗಾಳಿ ಚಾಸಿಯನ್ನು ಒಳಗಿನಿಂದ ತಿಂದಿತ್ತು. ಪಾಟಾ ಕೂರುವ ಜಾಗದಲ್ಲಿ ಬೆಸುಗೆಯ ಮೇಲೆ ಬೆಸುಗೆ. ಎಂಜಿನ್ನನ್ನು ಕಟ್ಟಿಸಬಹುದು, ಗೇರುಪೆಟ್ಟಿಗೆ ಬದಲಿಸಬಹುದು, ಚಾಸಿ ಹೋದರೆ ಗಾಡಿಯೇ ಹೋಯಿತು ಎಂದರು ಚಾಚಾ. ಅಷ್ಟು ಹೊತ್ತಿಗೆ ನಾವೂ ಕೆಲವು ಕಲಿತಿದ್ದೆವು. ಹೊಗೆ ಕಪ್ಪಾದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ, ಪಂಪು ಅಥವಾ ನಾಝಲ್ ನೋಡಬೇಕು. ನೀಲಿಯಾದರೆ ಎಣ್ಣೆ ಸುಡುತ್ತಿದೆ. ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಸಹಜ, ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ಓಡುವಾಗ ಎಣ್ಣೆಯ ಮುಚ್ಚಳ ತೆಗೆದರೆ ಭಸ್ ಭಸ್ ಎಂದು ಹೊಗೆ ಉಗುಳಬಾರದು. ಉಗುಳಿದರೆ ರಿಂಗು, ಬೋರು ಸವೆದಿವೆ.

ನಾಲ್ಕನೆಯ ಜೀಪು ಸಿಕ್ಕಿದ್ದು ಹಳಿಯಾಳದ ಕಡೆಯ ರೈತರೊಬ್ಬರ ಅಂಗಳದಲ್ಲಿ. 1993ರ ಎಂಎಂ 540. ಬಣ್ಣ ಮಾಸಿ ಯಾವುದೆಂದು ಹೇಳಲಾಗದು. ಹುಡ್ಡಿನ ಬಟ್ಟೆ ಹರಿದಿತ್ತು, ಹಿಂದಿನ ಸೀಟಿನ ಮೇಲೆ ಕೋಳಿ ಕೂತಿತ್ತು. ಬಸವಣ್ಣನ ಪಟದ ಕೆಳಗೆ ನಮ್ಮನ್ನು ಕೂಡಿಸಿ ಬೆಲ್ಲದ ಚಹಾ ಕೊಟ್ಟ ಹಿರಿಯರು, ನಾವು ಕೇಳುವ ಮೊದಲೇ ಬೆರಳು ಮಡಿಸಿದರು. “ನೋಡ್ರಿ ಸಾಹೇಬ್ರ, ಎರಡನೇ ಗೇರ್ ಇಳಿಜಾರಿನ್ಯಾಗ ಜಿಗದು ನ್ಯೂಟ್ರಲ್ಲಿಗೆ ಬರ್ತೈತಿ, ಕೈ ಹಿಡಕೊಂಡ ಇರಬೇಕು. ಸ್ಟೇರಿಂಗ್ ನಾಕ ಬಟ್ಟು ಸಡಲ ಐತಿ. ಎಡಗಡೆ ಮುಂದಿನ ಗಾಲಿ ಎಣ್ಣಿ ಬಿಡತೈತಿ. ಬಲಗಡೆ ಒಂದು ಪಾಟಾ ಮುರದಿತ್ತು, ಹೊಸಾದು ಹಾಕೇನಿ. ಉಳದದ್ದು ನೀವ ನೋಡಿಕೋರಿ.”

ಚಾಚಾ ಮೊದಲ ಬಾರಿಗೆ ಮುಗುಳ್ನಕ್ಕರು. ನಕ್ಕರೆಂದು ಪರೀಕ್ಷೆ ಬಿಡಲಿಲ್ಲ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ಗೇರಿನಲ್ಲಿ ಇಟ್ಟು, ಲಿವರನ್ನು ನಾಲ್ಕು ಗಾಲಿಗೆ ಹಾಕಿಸಿದರು. ಗಾಲಿ ಕೈಯಿಂದ ತಿರುಗಲಿಲ್ಲ. ಲಿವರ್ ತೆಗೆದಾಗ ತಿರುಗಿತು. ಇನ್ನೊಂದು ಬದಿಯದನ್ನೂ ಹಾಗೆಯೇ ನೋಡಿದರು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು, ಶಾಫ್ಟಿನ ಕ್ರಾಸುಗಳನ್ನು ತಿರುವಿ ನೋಡಿದರು. ಆಮೇಲೆ ಉತ್ತ ಗದ್ದೆಗೆ ನೀರು ಬಿಡಿಸಿ ಇಳಿಸಿದರು. ಎರಡು ಗಾಲಿಯಲ್ಲಿ ಹೂತು ನಿಂತ ಜೀಪು, ನಾಲ್ಕಕ್ಕೆ ಹಾಕಿದಾಗ ಮುದಿ ಎಮ್ಮೆ ಕೆರೆಯಿಂದ ಎದ್ದುಬರುವಂತೆ ಗೊಣಗುತ್ತ ಎದ್ದುಬಂತು. ಮರಳಿ ಎರಡಕ್ಕೆ ತಂದಾಗ ಲಿವರ್ ಸಿಕ್ಕಿಕೊಳ್ಳಲಿಲ್ಲ. ಹಿರಿಯರು ಹೇಳಿದ ನಾಲ್ಕು ಐಬುಗಳೂ ನಿಜವಾಗಿದ್ದವು. ಐದನೆಯದು ಸಿಗಲಿಲ್ಲ.

ಕಾಗದಗಳೂ ನೆಟ್ಟಗಿದ್ದವು. ಚಾಸಿ, ಎಂಜಿನ್ ನಂಬರುಗಳು ಆರ್‌ಸಿಗೆ ಹೊಂದಿದವು. ಬ್ಯಾಂಕಿನ ಸಾಲ ಎಂದೋ ತೀರಿ, ಆ ನಮೂದನ್ನು ಅಳಿಸಿಯೂ ಆಗಿತ್ತು. ಖಾಸಗಿ ಗಾಡಿಗೆ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಇದರದು 2028ರ ತನಕ ಇತ್ತು. ಹಳೆಯ ಗಾಡಿ ಅಗ್ಗ ಎನ್ನುವವರು ಈ ಲೆಕ್ಕವನ್ನೂ ಹಿಡಿಯಬೇಕು. ಹಿಂದೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರಲ್ಲಿ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ ಅದು 10,000ಕ್ಕೆ ಏರಿತು. ಅದರ ಮೇಲೆ ಹಸಿರು ತೆರಿಗೆ, ವಿಮೆ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸದೆ ಬಿಟ್ಟು, ಮುಂದೆ ಅಪಘಾತವಾದಾಗ ಕೋರ್ಟಿಗೆ ಅಲೆಯುವವರನ್ನು ನಾವು ಕಂಡಿದ್ದೇವೆ. ಮಾತು 2,40,000ಕ್ಕೆ ಮುಗಿಯಿತು. ಹತ್ತು ಸಾವಿರ ಮುಂಗಡ ಕೊಟ್ಟು ಬಂದೆವು.

ಇಲ್ಲಿಗೆ ಕತೆ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ.

ಇನ್ನು ಓಮ್ನಿ ಮಾರಬೇಕಿತ್ತು. ಕೊಳ್ಳಲು ಬಂದವನು ಇಪ್ಪತ್ತೈದರ ಹುಡುಗ. ಕುಂದಗೋಳ, ಕಲಘಟಗಿಯ ಸಂತೆಗಳಿಗೆ ಸಿದ್ಧ ಉಡುಪು ಒಯ್ದು ಮಾರುವವನು. ಹೆಂಡತಿ, ಸಣ್ಣ ಮಗು ಜೊತೆಗೆ ಬಂದಿದ್ದರು. ಎಂಜಿನ್ನಿನ ಸದ್ದು ಕೇಳಿದ, ಒಂದು ಸುತ್ತು ಓಡಿಸಿದ, ಟೈರು ಒದ್ದು ನೋಡಿದ. “ಮಾಸ್ತರ ಗಾಡಿ ಅಂದಮ್ಯಾಲ ಮತ್ತೇನ್ ನೋಡೂದೈತ್ರಿ,” ಎಂದು 85,000ಕ್ಕೆ ಒಪ್ಪಿ ಹತ್ತು ಸಾವಿರ ಕೈಗಿಟ್ಟ. ನಾವೂ ಒಪ್ಪಿದೆವು.

ಓಮ್ನಿಯ ಹಿಂದಿನ ಸೀಟಿನ ಕೆಳಗೆ ತಳ ತುಕ್ಕು ಹಿಡಿದಿತ್ತು. ಮೂರು ವರ್ಷದ ಹಿಂದೆ ಅಲ್ಲಿ ಒಂದು ತಗಡು ಬೆಸೆದು, ಕಪ್ಪು ಬಣ್ಣ ಹೊಡೆಸಿ, ಮೇಲೆ ರಬ್ಬರ್ ಮ್ಯಾಟ್ ಹಾಸಿದ್ದೆವು. ಸೀಟಿನ ಬೋಲ್ಟುಗಳು ಕೂತಿದ್ದುದು ಅದೇ ತಗಡಿನಲ್ಲಿ. ಹುಡುಗ ಕೇಳಲಿಲ್ಲ, ನಾವು ಹೇಳಲಿಲ್ಲ. ಸುಳ್ಳು ಹೇಳಲಿಲ್ಲ, ಕಸಮ್ ಹಾಕಲಿಲ್ಲ. ಇಷ್ಟು ಸಮಾಧಾನ ಹೇಳಿಕೊಂಡು ರಾತ್ರಿ ಲೆಕ್ಕ ಬರೆಯಲು ಕೂತೆವು. ಜೀಪಿಗೆ ಕೊಟ್ಟು ಐದು ಸಾವಿರ ಉಳಿಯುತ್ತದೆ, ಹೆಸರು ಬದಲಾವಣೆಗೆ ಸಾಕು.

ಮನೆಯಾಕೆ ತಟ್ಟೆ ತೆಗೆಯುತ್ತ ಒಂದೇ ಮಾತು ಕೇಳಿದಳು. “ಮ್ಯಾಟ್ ಎತ್ತಿ ತೋರಿಸಿದಿರಾ?”

ಉತ್ತರಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಹಳೆಯ ಗಾಡಿ ಎಂದು ಅವನಿಗೆ ಗೊತ್ತಿಲ್ಲವೇ? ನೋಡಿಕೊಳ್ಳುವುದು ಕೊಳ್ಳುವವನ ಕೆಲಸವಲ್ಲವೇ? ಅಮ್ಮಾನಿಗಾಗಿ ಅಲ್ಲವೇ ಇದೆಲ್ಲ? ಒಂದು ಉತ್ತರವೂ ಬಾಯಿಂದ ಹೊರಡಲಿಲ್ಲ. ಎರಡು ತಿಂಗಳು ನಾವು ಊರವರ ಗಾಡಿಗಳ ಮ್ಯಾಟ್ ಎತ್ತಿ ನೋಡಿದ್ದೆವು, ಡಬ್ ಎಂದ ತಗಡನ್ನು ಕಂಡು ಮನುಷ್ಯರನ್ನೇ ತೂಗಿದ್ದೆವು. ಗೋಕುಲ ರಸ್ತೆಯ ವ್ಯಾಪಾರಿ ಬಣ್ಣ ಹಚ್ಚಿದ್ದ, ನಾವೂ ಹಚ್ಚಿದ್ದೆವು. ಅವನು ಕಸಮ್ ಹಾಕಿ ನಂಬಿಸಬೇಕಾಯಿತು. ಮಾಸ್ತರು, ಬರೆಯುವವರು ಎಂಬ ಹೆಸರು ನಮ್ಮ ಪರವಾಗಿ ಆ ಕೆಲಸ ಮಾಡಿತ್ತು. ಕಸಮ್‌ಗಿಂತ ಅದು ಹೆಚ್ಚು ಸುಲಭ, ಬಹುಶಃ ಹೆಚ್ಚು ಕೆಟ್ಟದ್ದು. ಆ ಸೀಟಿನ ಮೇಲೆ ಕೂರುವವಳು ಮಗು ಎತ್ತಿಕೊಂಡ ಒಬ್ಬ ತಾಯಿ. ನಮ್ಮ ತಾಯಿಯನ್ನು ಹೊರಸಿನಿಂದ ಇಳಿಸಲು ನಾವು ಅವಳನ್ನು ತುಕ್ಕಿನ ಮೇಲೆ ಕೂಡಿಸಲು ಹೊರಟಿದ್ದೆವು.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆವು. ಬಂದ. ಮ್ಯಾಟ್ ಎತ್ತಿದೆವು. ಅವನು ತಗಡನ್ನು ನೋಡಿದ್ದಕ್ಕಿಂತ ನಮ್ಮ ಮುಖವನ್ನು ನೋಡಿದ್ದೇ ಹೆಚ್ಚು. “ನಿನ್ನೆ ಯಾಕ ಹೇಳಲಿಲ್ರಿ?” ಎಂದ. ತಲೆ ತಗ್ಗಿಸಿದೆವು. ಬೇಕಾದರೆ ಮುಂಗಡ ಹಿಂದಕ್ಕೆ ಕೊಡುತ್ತೇವೆ ಎಂದೆವು. ಅವನು ಹೆಂಡತಿಯೊಂದಿಗೆ ಮಾತಾಡಿ, ಬೆಸುಗೆಯವನನ್ನು ಕರೆತಂದು ತೋರಿಸಿ, ತಳವನ್ನೆಲ್ಲ ಕತ್ತರಿಸಿ ಹೊಸದು ಹಾಕಿಸುವ ಖರ್ಚು ಹಿಡಿದು 62,000 ಎಂದ. ನಾವು ಚೌಕಾಶಿ ಮಾಡಲಿಲ್ಲ.

ಜೀಪಿಗೆ ಹದಿನೆಂಟು ಸಾವಿರ ಕಡಿಮೆ ಬಿತ್ತು. ಮನೆಯಾಕೆ ಹೊಲಿಗೆ ಯಂತ್ರಕ್ಕೆಂದು ಕಟ್ಟುತ್ತಿದ್ದ ಚೀಟಿಯನ್ನು ಎತ್ತಿ ಕೊಟ್ಟಳು. “ಕರ್ಜ್, ನೆನಪಿರಲಿ,” ಎಂದಳು. ಇದನ್ನು ಬರೆಯುವ ಹೊತ್ತಿಗೆ ಆ ಕರ್ಜಿನಲ್ಲಿ ಅರ್ಧ ತೀರಿದೆ.

ಜೀಪು ತರುವಾಗ ಚಾಚಾ ಕೊನೆಯ ಪಾಠ ಹೇಳಿದರು. “ಹಳ್ಳ ತುಂಬಿ ಹರಿಯುವಾಗ ಮಾತ್ರ ಇಳಸಬ್ಯಾಡ್ರಿ. ನೀರಾಗ ತೇಲಿದರ ಎರಡು ಗಾಲಿನೂ ಒಂದ, ನಾಕು ಗಾಲಿನೂ ಒಂದ.” ನವಲಗುಂದದ ಎರಿಭೂಮಿಗೂ ಇದೇ ಮಾತು ಎಂದರು. ಕರಿಮಣ್ಣು ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಗಾಲಿಯನ್ನು ನುಣುಪಾದ ಗುಂಡು ಮಾಡಿಬಿಡುತ್ತದೆ. ಅಲ್ಲಿ ನಾಲ್ಕು ಗಾಲಿಗಿಂತ ಒಂದು ದಿನದ ತಾಳ್ಮೆ ದೊಡ್ಡದು.

ಮೊದಲ ದಿನ ಮಳೆಯಲ್ಲೇ ಹೋದೆವು. ಡಾಂಬರಿನ ತುದಿಯಲ್ಲಿ, ಹಿಂದೆ ಆಂಬುಲೆನ್ಸ್ ನಿಂತ ಜಾಗದಲ್ಲೇ, ಲಿವರ್ ಹಾಕಿದೆವು. ಎರಡನೇ ಗೇರನ್ನು ಕೈಯಲ್ಲಿ ಒತ್ತಿ ಹಿಡಿದು, ಎರಡೂವರೆ ಕಿಲೋಮೀಟರು ದಾಟಲು ಇಪ್ಪತ್ತು ನಿಮಿಷ ಬೇಕಾಯಿತು. ಅಂದು ಹೊರಸು ಹೊತ್ತ ನಾಲ್ವರಲ್ಲಿ ಇಬ್ಬರು ದಾರಿಯಲ್ಲೇ ಹತ್ತಿಕೊಂಡರು.

ಅಮ್ಮಾ ಕೋಲೂರಿ ಕಟ್ಟೆಗೆ ಬಂದು ಜೀಪನ್ನು ಒಂದು ಸುತ್ತು ಹಾಕಿದರು. ಎಮ್ಮೆ ಕೊಂಡಾಗ ನೋಡುವಂತೆಯೇ ನೋಡಿದರು. ಆಮೇಲೆ ಕೇಳಿದರು, “ಇಸ್ ಮೇ ಐಬ್ ಕ್ಯಾ ಹೈ?”

ನಾವು ಬೆರಳು ಮಡಿಸಿ ಒಂದೊಂದಾಗಿ ಹೇಳತೊಡಗಿದೆವು.